ಯಾವ ಹಕ್ಕಿಯ ಹೇನು

ಹಕ್ಕಿಗೂ ಹೇನು ಆಗುತ್ತವೆ ಎಂಬುದು ಮದುವೆಯಾಗಿ ಬರುವತನಕ ನನಗೆ ಗೊತ್ತಿರಲಿಲ್ಲ. ಬಂದ ಮೇಲೆ ಮನೆಯಲ್ಲಿ ಅದನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ. ನಮ್ಮ ಮನೆಯವರು ಆಗ ಬಿಜಾಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪಾಠ ಮುಗಿಸಿ ಬಂದರೆಂದರೆ ಹಿತ್ತಲದ ತಗಡಿನ ಚಪ್ಪರದ ಕೆಳಗೆ ಕುಳಿತು, ಯಾರೋ ತಂದುಕೊಟ್ಟ ಕಾಡುಹಕ್ಕಿಯ ಗರಿ ಬಿಡಿಸುತ್ತ ಹೊತ್ತು ಮುಳುಗಿಸುತ್ತಿದ್ದರು. ಈ ಹೇನುಗಳು ನಮ್ಮ ತಲೆಯಲ್ಲಿರುವಂಥವಲ್ಲ. ಗರಿ ಕಡಿದು ತಿಂದು ಬದುಕುವಂಥವು, ರವೆಯ ಕಾಳಿನಷ್ಟು ಸಣ್ಣವು.

ನಮ್ಮ ಅತ್ತೆಗೆ ಇದು ಕಣ್ಣಲ್ಲಿ ಬಿದ್ದ ಕಸ.

"ಹಕ್ಕಿ ತಲಿ ನೋಡಾಕ ನಿನ್ನ ಧಾರವಾಡಕ್ಕ ಕಳಿಸಿ ಓದಸಬೇಕಿತ್ತೇನಪಾ? ಓಣ್ಯಾಗಿನ ಹೆಣ್ಣಮಕ್ಕಳಿಗಿ ಹೇಳಿದ್ರ ಪುಕ್ಕಟ ನೋಡತಿದ್ರು" ಅನ್ನುತ್ತಿದ್ದರು.

"ಅವ್ವಾ, ಮನಶ್ಯಾರ ಹೇನು ಎಲ್ಲಾರೂ ನೋಡ್ಯಾರ. ಇವನ್ನ ಯಾರೂ ನೋಡಿಲ್ಲ."

"ನೋಡಬಾರದಂತನ ದೇವರು ಪುಕ್ಕದಾಗ ಮುಚ್ಚಿಟ್ಟಾನ."

ಇವರು ನಗುತ್ತಿದ್ದರು. ಮನೆಯಲ್ಲಿ ಒಂದು ಕರಾರು ಆಗಿತ್ತು: ಸತ್ತ ಹಕ್ಕಿ ಹೊಸ್ತಿಲು ದಾಟಿ ಒಳಗೆ ಬರಬಾರದು, ಮತ್ತು ಹಕ್ಕಿ ಮುಟ್ಟಿದವರು ಮೈಮೇಲೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡಬಾರದು. ಇವರು ಎರಡನ್ನೂ ಒಮ್ಮೆಯೂ ಮೀರಲಿಲ್ಲ. ಲಿಂಗಪೂಜೆ ಮುಗಿಸಿ ಏಳುವಾಗ ಆ ದಿನ ಶಿವ ಏನೇನು ಕರುಣೆ ತೋರಿಸಿದ ಅಂತ ಎಣಿಸಿಕೊಳ್ಳುವುದು ನನ್ನ ರೂಢಿ. ನಳದಲ್ಲಿ ನೀರು ಬಂತು, ಅತ್ತೆಯ ಕೆಮ್ಮು ತಗ್ಗಿತು, ಇವರು ಕರೆದ ಕೂಡಲೇ ಊಟಕ್ಕೆ ಎದ್ದು ಬಂದರು. ಇಂಥವೇ. ದೊಡ್ಡದನ್ನು ಕೇಳಿದರೆ ಅವನಿಗೂ ಭಾರ, ನಮಗೂ ಭಾರ.

ಸತ್ತ ಹಕ್ಕಿಯನ್ನು ನಾನು ಮುಟ್ಟುತ್ತಿರಲಿಲ್ಲ. ಆದರೆ ಹಳೆಯ ಧೋತರ ಹರಿದು ಬಿಳಿ ಚೀಲ ಹೊಲಿದುಕೊಡುತ್ತಿದ್ದೆ, ಸ್ಪಿರಿಟ್ ತುಂಬಿದ ಬೆರಳುದ್ದದ ಸೀಸೆ ಹಿಡಿದು ನಿಲ್ಲುತ್ತಿದ್ದೆ. ಇವರು ಬಿಳಿ ಕಾಗದದ ಮೇಲೆ ಹಕ್ಕಿಯನ್ನು ಹಿಡಿದು, ಗರಿಯನ್ನು ಹಿಂದುಮುಂದಾಗಿ ತಿಕ್ಕಿ, ಕಾಗದಕ್ಕೆ ಉದುರಿದ್ದನ್ನು ಸೂಜಿಯ ತುದಿಯಿಂದ ಎತ್ತಿ ಸೀಸೆಗೆ ಬಿಡುತ್ತಿದ್ದರು. ಪೆನ್ಸಿಲ್ಲಿನಿಂದ ಹಕ್ಕಿಯ ಹೆಸರು, ಊರಿನ ಹೆಸರು ಬರೆದ ಚೀಟಿ ಅದರೊಳಗೇ. ಆ ಚೀಟಿ ಇಲ್ಲದ ಹೇನು ಮಣ್ಣಿನ ಸಮ ಎಂದು ಇವರೇ ತಿಳಿಸಿ ಹೇಳಿದ್ದರು.

"ಇವು ತಮ್ಮ ಹಕ್ಕಿ ಬಿಟ್ಟು ಎಲ್ಲೂ ಬಾಳಂಗಿಲ್ಲ. ಇವಕ್ಕ ಹಕ್ಕಿನ ಊರು, ಹಕ್ಕಿನ ಓಣಿ. ಕುತ್ತಿಗಿ ಮ್ಯಾಗಿಂದು ರೆಕ್ಕಿಗಿ ಸೈತ ಹೋಗಂಗಿಲ್ಲ. ಅದಕ್ಕ ಹೊಸಾ ಹೇನು ಸಿಕ್ತು ಅಂದ್ರ ಮೊದಲ ಕೇಳೂದು ಯಾವ ಹಕ್ಕಿದು ಅಂತ."

ಅಂಥ ಹೊಸದು ಒಂದು ಸಿಕ್ಕದ್ದು ಟಿಕೋಟಾದಲ್ಲಿ.

ಟಿಕೋಟಾದಲ್ಲಿ ನನ್ನ ಸೋದರಮಾವನ ಹೊಲ. ತವರು ಬಬಲೇಶ್ವರವಾದರೂ ತಂದೆ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಆಡಿಸಿ, ಮುಂದೆ ನಿಂತು ಮದುವೆ ಮಾಡಿಕೊಟ್ಟವನು ಆ ಮಾಮಾ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಾವಿಬ್ಬರೂ ಅಲ್ಲಿಗೇ ಹೋಗುವುದು. ಜೋಳ ಹಾಲುಗಾಳಾಗಿ ನಿಂತಿರುತ್ತದೆ, ಹೊಲಕ್ಕೆ ಚರಗದ ಎಡೆ ಚೆಲ್ಲಿ, ಸಜ್ಜೆಯ ಕಡಬು, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದದ್ದನ್ನು ಬನ್ನಿಗಿಡದ ಕೆಳಗೆ ಕುಳಿತು ಉಣ್ಣುವುದು.

ಅದೇ ಹೊತ್ತಿಗೆ ಭೋರಡಿ ಹಕ್ಕಿಗಳೂ ಬರುತ್ತವೆ. ತಲೆ, ರೆಕ್ಕೆ ಕಪ್ಪು, ಬೆನ್ನು, ಹೊಟ್ಟೆ ನಸುಗೆಂಪು. ಮೋಡದ ಹಾಗೆ ಬಂದು ಇಳಿದವೆಂದರೆ ಎದ್ದು ಹೋಗುವಾಗ ತೆನೆಯಲ್ಲಿ ಬರೀ ಹೊಟ್ಟು. ಮಾಮಾ ಮಂಚಿಕೆ ಏರಿ ಕವಣೆ ಬೀಸುತ್ತಿದ್ದ. ಕಲ್ಲಿಗೆ ಬಿದ್ದ ಹಕ್ಕಿಗಳ ಕಾಲಿಗೆ ದಾರ ಬಿಗಿದು, ಎಲ್ಲವನ್ನೂ ಒಂದೇ ಗೊಂಚಲು ಮಾಡಿ, ಸತ್ತ ಕಾಗೆ ಸಿಕ್ಕರೆ ಅದನ್ನೂ ಸೇರಿಸಿ ಹೊಲದ ನಡುವೆ ಕಂಬಕ್ಕೆ ತೂಗುಹಾಕುವುದು ನಮ್ಮ ಕಡೆಯ ಪದ್ಧತಿ. ನೋಡಿದ ಹಿಂಡು ಹೆದರಿ ಬಾಜೂ ಹೊಲಕ್ಕೆ ಹೋಗಲಿ ಅಂತ. ಬಾಜೂ ಹೊಲದವನೂ ಹಾಗೇ ಕಟ್ಟಿರುತ್ತಿದ್ದ, ಆ ಮಾತು ಬೇರೆ.

ಆ ಎಳ್ಳಮಾಸಿಗೆ ಇವರು ಊಟ ಮುಗಿಸಿ ಗೊಂಚಲಿನಿಂದ ಎರಡು ಭೋರಡಿ ಬಿಚ್ಚಿಕೊಂಡರು. ಒಂದರ ಕುತ್ತಿಗೆಯಲ್ಲಿ ಕೆಲವು ಹೇನು ಸಿಕ್ಕವು. ಬಿಜಾಪುರಕ್ಕೆ ಬಂದು, ಕಾಸ್ಟಿಕ್ ನೀರಿನಲ್ಲಿ ನೆನೆಸಿ, ಗಾಜಿನ ಮೇಲೆ ಕೂರಿಸಿ, ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದವರು ಮನೆಗೆ ಬಂದು ಚಪ್ಪಲಿ ಬಿಡುವುದನ್ನೇ ಮರೆತರು. ತಲೆಯ ಎರಡೂ ಬದಿಗೆ ಕೊಂಬಿನಂಥ ಚೂಪು, ಯಾವ ಪುಸ್ತಕದಲ್ಲೂ ಅಂಥದ್ದಿಲ್ಲ. ದೂರದ ಊರಿನಲ್ಲಿ ಈ ಶಾಸ್ತ್ರ ಬಲ್ಲ ಹಿರಿಯರೊಬ್ಬರಿದ್ದರು. ಅವರಿಗೆ ಒಂದನ್ನು ಕಳಿಸಿದರು. ಅವರೂ ಹೊಸದೇ ಅಂದರು. ಭೋರಡಿಯ ಹೆಸರಿನ ಮೇಲೇ ಇದಕ್ಕೆ ಹೆಸರಿಡಬಹುದು, ಹಕ್ಕಿಯ ಬಗ್ಗೆ ಖಾತ್ರಿ ಇದ್ದರೆ ಬರೆದು ಕಳಿಸಿ ಅಂದರು.

ಇವರು ಚಿತ್ರ ಬರೆದರು, ಅಳತೆ ಬರೆದರು. ಎಲ್ಲ ಮುಗಿದರೂ ಲಕೋಟೆಗೆ ಗೋಂದು ಹಚ್ಚಲಿಲ್ಲ.

ಶಿವರಾತ್ರಿ ಕಳೆಯಿತು. ಕರೆದರೆ ಊಟಕ್ಕೆ ಬರುವುದಿಲ್ಲ, ಬಂದರೆ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡು ಕುಳಿತಿರುತ್ತಾರೆ. ಕಡೆಗೆ ನಾನೇ ಕೇಳಿದೆ.

"ಆ ಹೇನು ಭೋರಡಿದು ಹೌದೋ ಅಲ್ಲೋ ಅಂತ ನನಗ ಖಾತ್ರಿ ಇಲ್ಲ" ಅಂದರು.

ಸಂಕ್ರಾಂತಿಯ ನಂತರ ಬಬಲೇಶ್ವರದ ಕಡೆಯಿಂದ ಎಷ್ಟೋ ಭೋರಡಿ ತರಿಸಿ ನೋಡಿದ್ದರಂತೆ. ಒಂದರಲ್ಲೂ ಆ ಕೊಂಬಿನ ಹೇನು ಇರಲಿಲ್ಲ. ಹಕ್ಕಿ ಸತ್ತು ಮೈ ತಣ್ಣಗಾದರೆ ಹೇನು ಬೆಚ್ಚಗಿನ ಮೈ ಹುಡುಕಿಕೊಂಡು ನಡೆಯುತ್ತದೆ. ಗೊಂಚಲಿನಲ್ಲಿ ಒಂದರ ಪುಕ್ಕ ಒಂದಕ್ಕೆ ಹತ್ತಿರುತ್ತದೆ.

"ಹಂಗಾದ್ರ ಕಾಗಿದಿರಬೇಕು."

"ಕಾಗಿ ಹೇನು ನನಗ ಗೊತ್ತವ. ಅದಲ್ಲ. ಮಾಮಾಗ ಕೇಳೀನಿ, ಬರೇ ಭೋರಡಿ, ಒಂದು ಕಾಗಿ ಅಂದಾರ."

"ಕಳಿಸಿಬಿಟ್ರ ಏನಾಗ್ತದ?"

"ಅಚ್ಚ ಆಗ್ತದ. ನಾಳಿ ಮತ್ತೊಬ್ಬಾವ ಭೋರಡಿ ಹಿಡದು ನೋಡ್ತಾನ, ಸಿಗಂಗಿಲ್ಲ. ಬಿಜಾಪುರದಾಗ ಒಬ್ಬ ಮಾಸ್ತರ ಸುಳ್ಳ ಹೇಳ್ಯಾನ ಅಂತಾನ. ಆಮ್ಯಾಗ ನಾ ಖರೇ ಹೇಳಿದ್ರೂ ಯಾರೂ ನಂಬಂಗಿಲ್ಲ."

ಕಳಿಸದಿದ್ದರೂ ಕಷ್ಟವೇ. ಇವರ ವಿಭಾಗದ ಮುಖ್ಯಸ್ಥರು ನೌಕರಿ ಕಾಯಂ ಮಾಡುವ ಮಾತು ಬಂದಾಗಲೆಲ್ಲ "ಹೇನಿನ ಮಾಸ್ತರ್, ನಿಮ್ಮ ಹೊಸಾ ಕೂಸು ಎಲ್ಲಿಗಿ ಬಂತ್ರಿ?" ಅಂತ ಎಲ್ಲರೆದುರು ಕೇಳುತ್ತಿದ್ದರು. ಬಿಸಿಲು ಏರಿದರೆ ಭೋರಡಿಗಳು ಎದ್ದು ಹೋಗುತ್ತವೆ, ಮುಂದಿನ ಸುಗ್ಗಿಯವರೆಗೆ ಬರುವುದಿಲ್ಲ. ಯುಗಾದಿ ಹತ್ತಿರ ಬಂದಿತ್ತು. ಜೀವಂತ ಹಕ್ಕಿಯನ್ನು ಅದೇ ಹೊಲದಲ್ಲಿ ಹಿಡಿದು ನೋಡುವುದೊಂದೇ ದಾರಿ.

ರವಿವಾರದ ಮುಂಜಾನೆಯ ಬಸ್ಸಿಗೆ ಇಬ್ಬರೂ ಟಿಕೋಟಾಕ್ಕೆ ಹೋದೆವು. ಒಂದು ಹಕ್ಕಿಗೆ ಒಂದರಂತೆ ಚೀಲ ಹೊಲಿದುಕೊಂಡಿದ್ದೆ, ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದ್ದೆ. ಜೋಳ ಕೊಯ್ದು ಹೊಲ ಬೋಳಾಗಿತ್ತು. ಹಿಂಡು ಬಾವಿಯ ಹತ್ತಿರ ನೀರಿಗೆ ಇಳಿಯುತ್ತಿತ್ತು. ಮಾಮಾನ ಆಳು ಮತ್ತು ಇವರು ಸೇರಿ ಬಲೆ ಹಾಸಿದರು.

ಮಾಮಾ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದ. "ಅಳಿಯಾ ಬಂದ್ರ ಹೋಳಿಗಿ ಮಾಡೂದು ಕೇಳೀನಿ. ಹಕ್ಕಿಗಿ ಹೇನು ನೋಡೂದು ಈಗ ನೋಡಾಕತ್ತೇನಿ. ಲೇ ತಂಗಿ, ನೀನೂ ಇದ ಸಾಲಿ ಕಲಿತೇನು?"

"ನಿನ್ನ ತಲಿ ನೋಡಿ ನೋಡಿ ಕಲತೀನಿ ಮಾಮಾ."

"ನನ್ನ ತಲ್ಯಾಗ ಕೂದಲೆಲ್ಲಿ ಅದಾವ ಬೇ" ಅಂತ ರುಮಾಲು ತೆಗೆದು ತೋರಿಸಿದ.

ಜೀವಂತ ಹಕ್ಕಿಯನ್ನು ಮುಟ್ಟಲು ನನಗೇನೂ ಅಡ್ಡಿ ಇರಲಿಲ್ಲ. ಇವರು ಎರಡೂ ಕೈಯಲ್ಲಿ ಹಕ್ಕಿ ಹಿಡಿದರು, ನಾನು ದಬ್ಬಣದ ತುದಿಯಿಂದ ಕುತ್ತಿಗೆಯ ಗರಿ ಸರಿಸಿದೆ. ಕೊಕ್ಕು ಮುಟ್ಟದ ಜಾಗ ಅದು, ಅಲ್ಲೇ ಅಡಗಿರುತ್ತವೆ. ಹಕ್ಕಿಯ ಎದೆ ಇವರ ಬೆರಳೊಳಗೆ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. 

"ಸೀರು ಅದಾವೇನು ನೋಡು. ಹೇನು ನಡಕೋತ ಬರ್ತದ, ಸೀರು ಗರಿಗಿ ಅಂಟಿರ್ತಾವ, ಅವು ಬ್ಯಾರೆ ಕಡಿಂದ ಬರಂಗಿಲ್ಲ."

ಸೀರು ಇದ್ದವು. ಹೇನೂ ಸಿಕ್ಕವು. ಉದ್ದನ್ನವು, ಸಪೂರ. ಇವರು ಭೂತಗನ್ನಡಿಯಲ್ಲಿ ನೋಡಿ "ಇದಲ್ಲ" ಅಂದರು. ಹಕ್ಕಿ ಬಿಟ್ಟೆವು. ಮುಂದಿನ ಚೀಲ. ಅದರಲ್ಲೂ ಅವೇ. "ಇದಲ್ಲ." ಬಿಸಿಲು ತಲೆಯ ಮೇಲೆ ಬಂತು. ಬೆವರು ಕಣ್ಣಿಗೆ ಇಳಿದರೂ ಒರೆಸಲು ಕೈ ಬಿಡುವಂತಿರಲಿಲ್ಲ. ಹಕ್ಕಿಯ ಮೇಲೆ ಹಕ್ಕಿ ಬಿಟ್ಟೆವು, ಪ್ರತಿ ಸಲವೂ ಅದೇ ಎರಡು ಮಾತು, ಪ್ರತಿ ಸಲವೂ ಮೊದಲಿಗಿಂತ ಮೆಲ್ಲಗೆ. ಮಾಮಾನ ನಗೆ ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

ಕಡೆಯ ಚೀಲ ಬರಿದಾಯಿತು. ಇವರು ಎದ್ದು ಮೈ ಝಾಡಿಸಿಕೊಂಡರು.

"ಮುಗೀತು. ಭೋರಡಿದಲ್ಲ. ಯಾವುದಂತ ಗೊತ್ತಿಲ್ಲ. ಹಿರಿಯರಿಗಿ ಬರೀತೀನಿ, ಬಿಡ್ರಿ ಅಂತ."

"ಬಿಟ್ರ ಏನಾತು ಅಳಿಯಾಂದ್ರ? ಹೇನು ತಾನ" ಅಂದ ಮಾಮಾ.

"ಹೇನ ಮಾಮಾ. ಆದ್ರ ಅದು ಇಲ್ಲಿತನಕಾ ಯಾರೂ ಕಾಣದ ಜೀವಾ. ಕಂಡಿದ್ದು ನನಗ. ಅದರ ಮನಿ ಯಾವುದಂತ ಹೇಳಾಕ ಬರವಲ್ದು ನನಗ." ನೌಕರಿಯ ಮಾತು ಇವರ ಬಾಯಲ್ಲಿ ಬರಲಿಲ್ಲ.

ಮಾಮಾ ಎದ್ದು ಬಾವಿಗೆ ಹೋಗಿ ಕಾಲು ತೊಳೆದುಕೊಂಡ. ಹೊಲದ ಗುಡಿಸಲೊಳಗೆ ಹೋಗಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ. ನಡುಮಧ್ಯಾಹ್ನ ಇದೇನು ಪೂಜೆಯ ಹೊತ್ತು ಅಂತ ನಾನು ನೋಡುತ್ತಿದ್ದಂತೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅಳಿಯನ ಕಡೆ ಬೆನ್ನು.

"ತಂಗಿ, ಆ ಗೊಂಚಲದಾಗ ಮತ್ತೊಂದಿತ್ತು."

ಮಾಮಾ ಬನ್ನಿಗಿಡದ ಕಡೆ ನೋಡಿದ.

"ನೀಲಕಂಠ."

ನನ್ನ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಶಿವನ ಹೆಸರು ಹೊತ್ತ ಹಕ್ಕಿ. ದಸರಾ ದಿನ ಕಂಡರೆ ಕೈ ಮುಗಿಯುತ್ತೇವೆ. ಅದನ್ನು ಕೊಂದವನ ಹೊಲದಲ್ಲಿ ಕಾಳು ನಿಲ್ಲುವುದಿಲ್ಲ ಅನ್ನುತ್ತಾರೆ.

"ಎಳ್ಳಮಾಸಿ ಹಿಂದಿನ ದಿನಾ. ಹಿಂಡಿಗಿ ಬೀಸಿದ್ದು, ಜಾಲಿ ಮ್ಯಾಗ ಕುಂತದ್ದಕ್ಕ ಬಡೀತು. ರೆಕ್ಕಿ ಮುಚ್ಚಿದ್ರ ಅದು ಮಣ್ಣ ಬಣ್ಣದ್ದ ಅಲಾ, ಮಬ್ಬುಗತ್ತಲಾಗಿತ್ತು, ತಿಳೀಲಿಲ್ಲ. ಆಗಷ್ಟ ಬಿದ್ದ ಭೋರಡಿ ಸಂಗಾಟ ಕಾಲಿಗಿ ದಾರ ಹಾಕಿ ಕಟ್ಟಿಬಿಟ್ಟೆ. ಮುಂಜಾನಿ ಬಂದು ನೋಡ್ತೀನಿ, ಗಾಳಿಗಿ ರೆಕ್ಕಿ ಬಿಚ್ಚೈತಿ, ನೀಲಿ. ಹಬ್ಬದ ದಿನಾ. ನೀವು ಬರೂ ಹೊತ್ತು. ಬಿಚ್ಚಿ ಬನ್ನಿಗಿಡದ ಆಚಿ ಕಡಿ ಮಣ್ಣ ಕೊಟ್ಟೆ. ನಿನ್ನ ಗಂಡ ಕೇಳಿದಾಗ ಬಾಯಿ ಬರಲಿಲ್ಲ ನನಗ."

ಆ ದಿನ ಬನ್ನಿಗಿಡದ ಕೆಳಗೆ ಕುಳಿತು ನಾವು ಉಂಡಿದ್ದೆವು.

ಇವರು ಬಂದು ಮಾಮಾನ ಎದುರಿಗೆ ಕುಳಿತರು. ಸಿಟ್ಟು ಮಾಡುತ್ತಾರೆ ಅಂದುಕೊಂಡಿದ್ದೆ. ಕೇಳಿದ್ದು ಇಷ್ಟೇ: "ಹಂಗಾರ ರಾತ್ರಿಯೆಲ್ಲಾ ಎರಡೂ ಕೂಡೇ ಇದ್ದೂ ಏನ್ರಿ?"

"ಮೈಗಿ ಮೈ ಹತ್ತಿ ಇದ್ದೂ."

ಇವರು ನೆಲ ನೋಡುತ್ತ ತಮ್ಮಷ್ಟಕ್ಕೆ ಹೇಳಿಕೊಂಡರು. "ಹೇನು ಎಲ್ಲಾ ನಡದು ಬಂದಿರಂಗಿಲ್ಲ. ಒಂದಿಷ್ಟು ಅಲ್ಲೇ ಗರಿ ಕಚ್ಚಿಕೊಂಡು ಸತ್ತಿರ್ತಾವ. ಎಷ್ಟೋ ವರ್ಷದ ಒಣ ಚರ್ಮದ ಮ್ಯಾಗೂ ಸಿಗ್ತಾವ ಅಂತಾರ." 

ಮುಂದಿನ ಮಾತು ಏನೆಂದು ಮೂವರಿಗೂ ಗೊತ್ತಿತ್ತು.  ಕಡೆಗೆ ಮಾಮಾನೇ ಆಡಿದ.

"ಕುಣಿ ತಗದು, ನಮ್ಮ ಹಿರೇರಿಗಿ ಮಾಡಿದಂಗ ಸುತ್ತಲೂ ಇಬೂತಿ ತುಂಬಿ ಮಣ್ಣ ಕೊಟ್ಟೀನಿ. ಸಮಾಧಿ ಆದದ್ದನ್ನ ಕೆದರೂದು ಅಂದ್ರ ಹೆಂಗ ತಂಗಿ?"

"ಬ್ಯಾಡ್ರಿ. ನಾ ಕೇಳಿಲ್ಲ" ಅಂದರು ಇವರು.

"ನಿಮಗ ಕೇಳಿಲ್ಲ ನಾ. ಅಕಿಗಿ ಕೇಳಾಕತ್ತೇನಿ."

ಇಬ್ಬರೂ ನನ್ನ ಮುಖ ನೋಡಿದರು. ಬೇಡ ಅಂದರೆ ಇವರು ಒಂದು ಮಾತೂ ಆಡದೆ ಬಸ್ಸು ಹತ್ತುತ್ತಾರೆ, ಜೀವವಿರುವತನಕ ಆ ಮಾತು ಎತ್ತುವುದೂ ಇಲ್ಲ. ಹೌದು ಅಂದರೆ ಮಾಮಾನ ಕೈಯಿಂದ ಸಮಾಧಿ ಕೆದರಿಸಿದವಳು ನಾನಾಗುತ್ತೇನೆ. ಶಿವನೇ, ಇಂಥದ್ದನ್ನು ಯಾಕೆ ನನ್ನ ಮುಂದೆ ತಂದಿಟ್ಟೆ ಅಂತ ಮನಸ್ಸಿನಲ್ಲೇ ಕೇಳಿದೆ. ಆಮೇಲೆ ತಿಳಿದಷ್ಟನ್ನು ಹೇಳಿದೆ.

"ಮಾಮಾ, ಮಣ್ಣ ಕೊಟ್ಟಿದ್ದು ಛಲೋ ಮಾಡಿದಿ. ಆದ್ರ ಅದರ ಮೈಮ್ಯಾಗಿನ ಜೀವಾ ಇವರ ಸೀಸೆದಾಗ ಕುಂತು ನಾ ಭೋರಡಿದು ಅನ್ನಾಕತ್ತೈತಿ. ಅದು ಶಿವನ ಹಕ್ಕಿದು. ಸುಳ್ಳ ಹೆಸರಿನ್ಯಾಗ ಇರೂದು ಬ್ಯಾಡ ಅಂತ ನನಗ ಅನಸ್ತದ. ಮುಂದ ನಿನ್ನ ಮನಸ್ಸು."

ಮಾಮಾ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಎದ್ದು, "ಆಳು ಬ್ಯಾಡ. ನೀವೂ ಮುಟ್ಟಬ್ಯಾಡ್ರಿ. ನಾನ ತಗೀತೀನಿ" ಅಂದ.

ಬನ್ನಿಗಿಡದ ಆಚೆ ಒಂದು ಸಣ್ಣ ಕಲ್ಲಿತ್ತು. ಮಾಮಾ ಕರ್ಪೂರ ಹಚ್ಚಿ, ಕಲ್ಲು ಸರಿಸಿ, ಸನಿಕೆ ಬಿಟ್ಟು ಬರಿಗೈಯಲ್ಲಿ ಮಣ್ಣು ತೆಗೆಯತೊಡಗಿದ. ಕರಿ ಮಣ್ಣು ಒಣಗಿ ಹೆಂಟೆಯಾಗಿತ್ತು. ಇರುವೆ, ಗೆದ್ದಲು ಎಲ್ಲ ತಿಂದು ಬರೀ ಎಲುಬು ಉಳಿದಿದ್ದರೆ? ಅದನ್ನು ನಾನು ಬಾಯಿಬಿಟ್ಟು ಅನ್ನಲಿಲ್ಲ. ಇವರ ಮುಖ ನೋಡಿದರೆ ಅವರೂ ಅದನ್ನೇ ಯೋಚಿಸುತ್ತಿದ್ದರು.

ಕರಿ ಮಣ್ಣಿನ ಕೆಳಗೆ ಬಿಳಿ ಬೂದಿ ಕಂಡಿತು. ಬೂದಿಯೊಳಗೆ ನೀಲಿ. ಕಾಳಿಗೆ ಹುಳ ಹತ್ತದಂತೆ ನಾವು ಬೂದಿ ಕಲಸಿ ಇಡುತ್ತೇವಲ್ಲ, ಹಾಗೆ ಒಂದು ಹುಳವೂ ಹತ್ತಿರಲಿಲ್ಲ. ಹಕ್ಕಿ ಒಣಗಿ ಹಗುರಾಗಿತ್ತು, ಗರಿ ಗರಿಯಾಗಿಯೇ ಇತ್ತು. ಶಿವನ ಕರುಣೆಯ ಆ ದಿನದ ಎಣಿಕೆಯಲ್ಲಿ ಅದು ಮೊದಲನೆಯದು.

ಮಾಮಾ ಕುತ್ತಿಗೆಯ ಗರಿಯನ್ನು ಎರಡು ಬೆರಳಲ್ಲಿ ಕಿತ್ತು ಬಿಳಿ ಕಾಗದದ ಮೇಲಿಟ್ಟ. ಬಿಸಿಗಾಳಿ ಬೀಸುತ್ತಿತ್ತು. ನಾನು ಸೆರಗು ಅಡ್ಡ ಹಿಡಿದು ಕುಳಿತೆ. ಇವರು ಭೂತಗನ್ನಡಿ ಹಿಡಿದು ಬಗ್ಗಿದರು. ಬೂದಿಯನ್ನು ಊದುವಂತಿರಲಿಲ್ಲ, ಸೂಜಿಯಿಂದ ಒಂದೊಂದೇ ಕಣ ಸರಿಸಬೇಕು. ಮೊದಲ ಗರಿಯಲ್ಲಿ ಏನೂ ಇಲ್ಲ. ಇನ್ನೊಂದರಲ್ಲಿ ಸೀರಿನ ಒಣ ಸಿಪ್ಪೆ. "ಮತ್ತೊಂದು ಕೊಡ್ರಿ" ಅಂದರು. ಮಾಮಾ ಕೊಟ್ಟ.  "ಮತ್ತೊಂದು." ಬಸ್ಸಿನ ಹೊತ್ತು ಹತ್ತಿರ ಬರುತ್ತಿತ್ತು. ಸೆರಗು ಹಿಡಿದ ನನ್ನ ತೋಳು ಜೋಮು ಹಿಡಿದಿತ್ತು.

ಇವರು ಅಲ್ಲಾಡದೆ ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು.

ಗರಿಯ ಬುಡದಲ್ಲಿ ಎರಡು ಇದ್ದವು. ಒಣಗಿ ಕಂದಿದ್ದವು. ಬಾಯಿಯಲ್ಲಿ ಗರಿಯ ಎಳೆ ಕಚ್ಚಿಕೊಂಡೇ ಸತ್ತಿದ್ದವು. ತಲೆಯ ಎರಡೂ ಬದಿಗೆ, ಇವರು ಚಿತ್ರ ಬರೆದು ಬರೆದು ನನಗೂ ಬಾಯಿಪಾಠವಾಗಿದ್ದ ಆ ಕೊಂಬು.

"ಅದ ಏನ ತಂಗಿ?" ಅಂತ ಮಾಮಾ ನನ್ನನ್ನೇ ಕೇಳಿದ.

"ಅದ ಮಾಮಾ."

ಇವರು ಎರಡು ಗರಿ ಇಟ್ಟುಕೊಂಡು ಉಳಿದವನ್ನು ತಿರುಗಿ ಕೊಟ್ಟರು. ಮಾಮಾ ಹೊಸ ವಿಭೂತಿ ತುಂಬಿ ಕುಣಿ ಮುಚ್ಚಿದ. ನಾವಿಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಕಟ್ಟೆಗೆ ಬಂದು ಇವರು ಸೀಸೆಗೆ ಹಾಕಲು ಚೀಟಿ ಬರೆಯತೊಡಗಿದರು. ನೀಲಕಂಠ. ಟಿಕೋಟಾ. ಮಾಮಾ ಬಗ್ಗಿ ನೋಡುತ್ತಿದ್ದ.

"ಊರ ಹೆಸರು ಬರದ್ರಿ?"

"ಬರೀಬೇಕ್ರಿ."

"ಬರೀರಿ. ಟಿಕೋಟಾದಾಗ ಹೊಲಾ ಭಾಳ ಅದಾವ." ಸ್ವಲ್ಪ ತಡೆದು, "ಅದರ ಕೆಳಗ ಜಾಗಾ ಬಿಟ್ಟೀರಲಾ, ಅಲ್ಲೇನು?" ಅಂದ.

"ಹಕ್ಕಿ ತಂದವರ ಹೆಸರು."

ಮಾಮಾನ ಮುಖ ಇಳಿಯಿತು. ಇವರು ಪೆನ್ಸಿಲ್ ನಾಲಿಗೆಗೆ ಒತ್ತಿಕೊಂಡು ತಮ್ಮ ಹೆಸರು ಬರೆದರು, ಚೀಟಿ ಸುರುಳಿ ಸುತ್ತಿ ಸೀಸೆಗೆ ಬಿಟ್ಟು ಬೂಚು ಒತ್ತಿದರು. ಅವರ ಶಾಸ್ತ್ರದಲ್ಲಿ ಅದೇ ರೀತಿ ಇರಬಹುದು, ನನಗೆ ಗೊತ್ತಿಲ್ಲ. ಮಾಮಾ ಮಾತ್ರ ಬಸ್ ನಿಲ್ದಾಣದವರೆಗೂ ನಮ್ಮ ಚೀಲ ಹೊತ್ತುಕೊಂಡು ಬಂದ. ಅಳಿಯನ ಕಡೆ ಮುಖ ಮಾಡಿ ನಡೆದ.

ಮರುದಿನ ಸೋಮವಾರ. ರೊಟ್ಟಿ ಬಡಿದು ಇವರಿಗೂ ಅತ್ತೆಗೂ ಬಡಿಸಿ ನಾನು ಗೋಡೆಗೆ ಒರಗಿ ಕುಳಿತೆ.

"ನೀ ಯಾಕ ಕುಂಡರವಲ್ಲಿ?" ಅಂದರು ಅತ್ತೆ.

"ಒಪ್ಪತ್ತು ಹಿಡದೀನ್ರಿ ಅತ್ತಿ. ಚೀಟ್ಯಾಗ ಇವರ ಹೆಸರಿಗಿ ಒಂದು ನೀಲಕಂಠ ಬಿದ್ದದ."

ನಡೆದದ್ದನ್ನೆಲ್ಲ ಹೇಳಿದೆ. ಮಗನಿಗೆ ಏನಾದರೂ ಅಂದಾರು ಅಂತ ಕಾದೆ. ಅತ್ತೆ ತಮ್ಮ ತಾಟಿನಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಬುಟ್ಟಿ ಮುಚ್ಚಿದರು. ಇವರೂ ತುತ್ತು ಬಿಟ್ಟು ಕೈ ಎತ್ತಿದರು.

"ನೀ ಉಣ್ಣು" ಅಂದರು ಅತ್ತೆ ಮಗನಿಗೆ. "ನೀ ಕಾಲೇಜಿಗಿ ಹೋಗಿ ಆ ಹೇನಿನ ಹೆಸರು ತಿದ್ದಿ ಬಾ. ಉಪಾಸ ನಾವು ಮಾಡ್ತೀವಿ."